ಆಕಾಶದ ಸುಯ್ಲನ್ನು ಆಲಿಸಿದವನು

ದೂರದ ವ್ಯೋಮನೌಕೆಗಳ ಕ್ಷೀಣ ದನಿಯನ್ನು ಹಿಡಿಯುವ ಬೃಹತ್ ಆಂಟೆನಾಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಕೆಟ್ಟಿನಿಂದ ತೊಡಗುತ್ತಾರೆ. ನಾನಾದರೋ ಕಾರ್ಲ್ ಜಾನ್ಸ್ಕಿಯಿಂದ ತೊಡಗಬಯಸುತ್ತೇನೆ.

1905ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಅಧ್ಯಾಪಕರೊಬ್ಬರ ಮಗನಾಗಿ ಹುಟ್ಟಿದ ಈತನು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಓದಿ, 1928ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದನು. ಮೂತ್ರಪಿಂಡದ ವ್ಯಾಧಿ ಆಗಲೇ ದೇಹವನ್ನು ಹೊಕ್ಕಿತ್ತು. ವಹಿಸಿದ ಕೆಲಸವೂ ಕೀರ್ತಿ ತರುವಂಥದಲ್ಲ: ಅಟ್ಲಾಂಟಿಕ್ ಸಾಗರದಾಚೆಗೆ ನಡೆಯುವ ರೇಡಿಯೋ ಟೆಲಿಫೋನ್ ಸಂಭಾಷಣೆಗೆ ಅಡ್ಡಬರುವ ಕರಕರ ಸದ್ದು ಯಾವ ದಿಕ್ಕಿನದೆಂದು ಅರಸುವುದು. ನ್ಯೂಜರ್ಸಿಯ ಹೋಮ್‌ಡೆಲ್ ಬಯಲಿನಲ್ಲಿ ಸುಮಾರು 30 ಮೀಟರ್ ಉದ್ದದ ಆಂಟೆನಾವೊಂದನ್ನು ಕಟ್ಟಿ, ಅದನ್ನು ಫೋರ್ಡ್ ಕಾರಿನ ಚಕ್ರಗಳ ಮೇಲೆ ನಿಲ್ಲಿಸಿದನು. 20 ನಿಮಿಷಕ್ಕೊಮ್ಮೆ ಅದು ಗಾಣದ ಎತ್ತಿನಂತೆ ಒಂದು ಸುತ್ತು ಬರುತ್ತಿತ್ತು.

ಕೇಳಿಬಂದ ಸದ್ದುಗಳಲ್ಲಿ ಎರಡು ಬಗೆಯವು ಹತ್ತಿರದ ಮತ್ತು ದೂರದ ಸಿಡಿಲು ಮಳೆಗಳವು. ಮೂರನೆಯದು ಎಡೆಬಿಡದ ಒಂದು ಮೆಲುಸುಯ್ಲು. ಮೊದಲು ಅದು ಸೂರ್ಯನದೆಂದೇ ತೋರಿತು. ತಿಂಗಳುಗಳು ಉರುಳಿದಂತೆ ಸೂರ್ಯನನ್ನು ಬಿಟ್ಟು ದೂರ ಸರಿಯಿತು. ಒಂದು ಆವರ್ತನೆಗೆ ಅದಕ್ಕೆ 24 ಗಂಟೆ ಬೇಕಿರಲಿಲ್ಲ, 23 ಗಂಟೆ 56 ನಿಮಿಷ ಸಾಕಾಗಿತ್ತು. ನಕ್ಷತ್ರಗಳ ದಿನಮಾನವದು! ಬೇರೊಬ್ಬನಾಗಿದ್ದರೆ ಆ ನಾಲ್ಕು ನಿಮಿಷಗಳನ್ನು ಗಡಿಯಾರದ ಮೇಲೆ ಹೊರಿಸಿ ಸುಮ್ಮನಾಗುತ್ತಿದ್ದನೇನೋ. ಜಾನ್ಸ್ಕಿ ಬಿಡಲಿಲ್ಲ. ಸುಯ್ಲು ಧನೂರಾಶಿಯ ದಿಕ್ಕಿನಿಂದ, ಆಕಾಶಗಂಗೆಯ ಒಡಲಿನಿಂದ ಬರುತ್ತಿದೆಯೆಂದು 1933ರಲ್ಲಿ ಸಾರಿದನು. ಮೇ 5ರ ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿಯೇ ಅಚ್ಚು ಹಾಕಿತು.

ಬಳಿಕ ಆತನಿಗೆ ಬೇರೆ ಕೆಲಸಗಳು ಬಂದವು. ಸಂಸ್ಥೆಯೊಂದನ್ನೇ ದೂರುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಅದರ ಕಸುಬು ಟೆಲಿಫೋನು, ಕಾಲವೋ ಆರ್ಥಿಕ ಮುಗ್ಗಟ್ಟಿನದು. ಆದರೆ ಖಗೋಳಜ್ಞರೇಕೆ ಕಿವಿಗೊಡಲಿಲ್ಲ? 1937ರಲ್ಲಿ ಗ್ರೋಟ್ ರೀಬರ್ ಎಂಬ ತರುಣ ಇಂಜಿನಿಯರನು ಸ್ವಂತ ಹಣದಿಂದ ಮನೆಯಂಗಳದಲ್ಲಿ ಬೋಗುಣಿಯಾಕಾರದ ಆಂಟೆನಾವನ್ನು ಕಟ್ಟಿ ಆ ಸುಯ್ಲಿನ ಬೆನ್ನುಹತ್ತಿದನು. ಉಳಿದವರು ಎಚ್ಚರಗೊಳ್ಳಲು ಮಹಾಯುದ್ಧವೇ ಮುಗಿಯಬೇಕಾಯಿತು.

ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ 2008ರಲ್ಲಿ ಚಂದ್ರಯಾನ-1ರ ದನಿಗೆ ಕಿವಿಯಾದ 32 ಮೀಟರ್ ವ್ಯಾಸದ ಆಂಟೆನಾವನ್ನು ನೆನೆದಾಗಲೆಲ್ಲ ನನಗೆ ಹೋಮ್‌ಡೆಲ್ ಬಯಲು ಕಣ್ಣಿಗೆ ಕಟ್ಟುತ್ತದೆ. ಜಾನ್ಸ್ಕಿ ಕೇಳಿದ ಸದ್ದು ತರಂಗವು ಕಿರಿದಾದಷ್ಟೂ ಕುಗ್ಗುತ್ತದೆ. ನೌಕೆಗಳೊಡನೆ ಸೂಕ್ಷ್ಮತರಂಗಗಳಲ್ಲಿ ಮಾತನಾಡುವುದಕ್ಕೆ ಇದೂ ಒಂದು ಕಾರಣ.

1950ರ ಫೆಬ್ರವರಿ 14ರಂದು, ತನ್ನ 44ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಸ್ಪುಟ್ನಿಕ್ ಹಾರಲು ಇನ್ನೂ ಏಳು ವರ್ಷಗಳಿದ್ದವು. ಆಕಾಶದಿಂದ ಬರುವ ರೇಡಿಯೋ ತರಂಗಗಳ ಬಲವನ್ನು ಅಳೆಯುವ ಮಾನಕ್ಕೆ 1973ರಲ್ಲಿ ಜಾನ್ಸ್ಕಿಯೆಂದೇ ಹೆಸರಿಟ್ಟರು. ಮೂಲ ಆಂಟೆನಾ ಉಳಿದಿಲ್ಲ; ಚಕ್ರಗಳ ಸಹಿತ ಅದರ ಪ್ರತಿಕೃತಿಯೊಂದು ಪಶ್ಚಿಮ ವರ್ಜೀನಿಯದ ಗ್ರೀನ್ ಬ್ಯಾಂಕ್ ವೀಕ್ಷಣಾಲಯದಲ್ಲಿ ನಿಂತಿದೆ.