ಸಹಕಾರಿ ಪಿತಾಮಹ ಕಣಗಿನಹಾಳದ ಸಿದ್ಧನಗೌಡ ಪಾಟೀಲರು

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾವು ಮೊದಲು ನೆನೆಯಬೇಕಾದವರು ನಮ್ಮ ಸೀಮೆಯವರೇ ಆದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಗದಗ ತಾಲೂಕಿನ ಕಣಗಿನಹಾಳದ ಈ ಗೌಡ್ರು ಹುಟ್ಟಿದ್ದು 1843ರಲ್ಲಿ.

ಆಗ ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಎರಿ ಹೊಲ, ಹತ್ತಿ, ಜೋಳ. ಎಲ್ಲಾ ಮಳೆ ಮ್ಯಾಲೆ. ಮಳೆ ಕೈಕೊಟ್ಟರೆ ರೈತ ಸಾಹುಕಾರನ ಕಟ್ಟಿ ಹತ್ತಬೇಕು. 1876-78ರ ದೊಡ್ಡ ಬರ ಈ ಸೀಮೆಯನ್ನು ಹಣ್ಣು ಮಾಡಿದಾಗ ಗೌಡ್ರು ಮೂವತ್ತು ದಾಟಿದ್ದರು. ವ್ಯಾಪಾರಸ್ಥರಿಗೆ ಪೇಟೆ ಇತ್ತು, ಪತ್ತು ಇತ್ತು. ಒಕ್ಕಲುತನ ಮಾಡುವವನು ಮಾತ್ರ ಒಬ್ಬಂಟಿ.

1904ರಲ್ಲಿ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಜರ್ಮನಿಯ ರೈಫೈಸನ್ನರು ಹಳ್ಳಿ ರೈತರಿಗೆ ಹಾಕಿಕೊಟ್ಟ ದಾರಿಯೇ ಇದಕ್ಕೆ ಮಾದರಿ. ಹತ್ತು ಮಂದಿ ಕೂಡಿದರೆ ಸಂಘ ಕಟ್ಟಬಹುದು. ಆದರ ಒಂದು ಬಿಗಿ ಇತ್ತು: ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಷೇರಿನ ಹಣವಷ್ಟೇ ಅಲ್ಲ, ಸದಸ್ಯರ ಸ್ವಂತ ಆಸ್ತಿಗೂ ಕೈ ಹತ್ತುತ್ತಿತ್ತು. ಇಂಥಾದ್ರಾಗ ಹೊಲಮನಿ ಇದ್ದವರಿಗೇ ಹೆಚ್ಚು ಭಯ. ಭೂಮಿಯುಳ್ಳ ಗೌಡ್ರು ದೂರ ನಿಂತಿದ್ದರೂ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ.

ಅವರು ದೂರ ನಿಲ್ಲಲಿಲ್ಲ. ಅರವತ್ತು ಮೀರಿದ ವಯಸ್ಸಿನಲ್ಲಿ, 1905ರಲ್ಲಿ, ಊರಿನ ರೈತರನ್ನು ಕೂಡಿಸಿಕೊಂಡು ಕಣಗಿನಹಾಳ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲಿಯೇ ಇದು ಮೊದಲನೆಯದೆಂದು ನಾಡು ಹೆಮ್ಮೆಪಡುತ್ತದೆ. ಸಾಲ ಸದಸ್ಯರಿಗೆ ಮಾತ್ರ. ಲಾಭ ಸಂಘದ ಕಾಯ್ದಿಟ್ಟ ನಿಧಿಗೆ. ನೆರೆಯವನು ಬಾಕಿ ಉಳಿಸಿದರೆ ತನ್ನ ಹೊಲಕ್ಕೂ ಕುತ್ತು ಬರಬಹುದಾದ್ದರಿಂದ, ಸಾಲ ಯಾತಕ್ಕೆ, ಯಾವಾಗ ತೀರೀತು ಎಂದು ಕೇಳುವುದು ಎಲ್ಲರ ಕೆಲಸವಾಯಿತು. ಒಬ್ಬರಿಗೊಬ್ಬರು ಆಸರಾದರು.

1912ರ ಕಾಯಿದೆ ಪತ್ತಿನಾಚೆಯ ಸಂಘಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಂಘ ಹುಟ್ಟಿತು. ಈ ಬೆಳವಣಿಗೆಯನ್ನೆಲ್ಲ ಕಂಡ ಗೌಡ್ರು 1933ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಸಹಕಾರಿ ಪಿತಾಮಹರೆಂದು ಜನ ಇಂದಿಗೂ ಅವರನ್ನು ಕರೆಯುತ್ತಾರೆ.

ಇಂದು ನಮ್ಮ ಹೊಣೆ ಷೇರಿನಷ್ಟಕ್ಕೇ ಮುಗಿಯುತ್ತದೆ. ಅದಕ್ಕೇ ಏನೋ, ಬೆಳೆ ಬಂದ ವರ್ಷವೂ ಸಾಲ ಮನ್ನಾ ಆದೀತೆಂದು ಕಂತು ತಡೆಹಿಡಿದವರು ನಮ್ಮಲ್ಲಿದ್ದಾರೆ. ನಾವೂ ಒಮ್ಮೆ ಹಾಗೆ ಮಾಡಿದವರೇ. ಆ ವರ್ಷ ಬಿತ್ತನೆಗೆ ಹಣ ಸಿಗದೆ ಬರಿಗೈಲೆ ತಿರುಗಿದವರು ನಮ್ಮ ಓಣಿಯವರೇ. ಗೌಡ್ರ ಫೋಟೋಕ್ಕೆ ಹಾರ ಹಾಕುವುದು ಒಳ್ಳೆಯದೇ. ಅದಕ್ಕೂ ಮೊದಲು ಬಾಕಿ ಕಂತು ಕಟ್ಟೋಣ.