ಗಾಳಿಯ ಲೆಕ್ಕ ಬರೆದಿಟ್ಟ ಒಟ್ಟೊ ಲಿಲಿಯೆಂಥಾಲ್

ವಿಮಾನ ಎಂದ ಕೂಡಲೇ ನಮಗೆಲ್ಲ ರೈಟ್ ಸಹೋದರರು ನೆನಪಾಗುತ್ತಾರೆ. ಅವರಿಗಿಂತ ಮೊದಲೇ ಗಾಳಿಯಲ್ಲಿ ತೇಲಿ ತೋರಿಸಿದವರು ಜರ್ಮನಿಯ ಒಟ್ಟೊ ಲಿಲಿಯೆಂಥಾಲ್. ನಾನು ಕಾಮರ್ಸ್ ವಿದ್ಯಾರ್ಥಿ. ಹಾರಾಟದ ವಿಷಯ ಸೈನ್ಸ್ ವಿಭಾಗದವರದು ಎಂದುಕೊಂಡಿದ್ದೆ. ಆದರೆ ಇವರ ಜೀವನ ಓದಿದಾಗ, ಬಹಳ ಶಿಸ್ತಿನಿಂದ ಲೆಕ್ಕ ಇಟ್ಟ ಒಬ್ಬ ಮನುಷ್ಯನ ಕತೆ ಓದಿದಂತಾಯಿತು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಒಟ್ಟೊ ಹುಟ್ಟಿದ್ದು 1848ರ ಮೇ 23ರಂದು, ಆಂಕ್ಲಾಮ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲೇ ತಂದೆ ತೀರಿಕೊಂಡರು. ತಾಯಿಯೇ ಮಕ್ಕಳನ್ನು ಬೆಳೆಸಿ ಓದಿಸಿದರು. ಊರಿನ ಹುಲ್ಲುಗಾವಲಿಗೆ ಬರುತ್ತಿದ್ದ ಕೊಕ್ಕರೆಗಳನ್ನು ಒಟ್ಟೊ ಮತ್ತು ತಮ್ಮ ಗುಸ್ತಾವ್ ಗಂಟೆಗಟ್ಟಲೆ ನೋಡುತ್ತಿದ್ದರು. ಹುಡುಗರಿಬ್ಬರೂ ರೆಕ್ಕೆ ಕಟ್ಟಿಕೊಂಡು ಹಾರಲು ಪ್ರಯತ್ನಿಸಿದ್ದೂ ಉಂಟು. ಸಹಪಾಠಿಗಳು ನಗುತ್ತಾರೆಂದು ಅದನ್ನು ರಾತ್ರಿ ಹೊತ್ತು ಮಾಡುತ್ತಿದ್ದರಂತೆ.

ಮುಂದೆ ಒಟ್ಟೊ ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿದರು. ಉಗಿಯ ಬಾಯ್ಲರ್ ಮತ್ತು ಎಂಜಿನ್ ತಯಾರಿಸುವ ಸ್ವಂತ ಕಾರ್ಖಾನೆ ತೆರೆದರು. 1890ರಲ್ಲಿ ಕಾರ್ಖಾನೆಯ ಲಾಭದಲ್ಲಿ ಶೇಕಡಾ 25ರಷ್ಟು ಪಾಲನ್ನು ಕೆಲಸಗಾರರಿಗೆ ಕೊಡುವ ಪದ್ಧತಿ ಆರಂಭಿಸಿದರು. ಆ ಕಾಲದಲ್ಲಿ ಇದು ಬಹಳ ಅಪರೂಪ.

ಕಾರ್ಖಾನೆ ನಡೆಸುತ್ತಲೇ ಅವರು ರೆಕ್ಕೆಯ ಅಧ್ಯಯನ ಮುಂದುವರಿಸಿದರು. ತಿರುಗುವ ತೋಳಿಗೆ ಬಗೆಬಗೆಯ ಹಲಗೆಗಳನ್ನು ಕಟ್ಟಿ, ಗಾಳಿ ಅವುಗಳನ್ನು ಎಷ್ಟು ಮೇಲೆತ್ತುತ್ತದೆ ಎಂದು ಅಳೆದರು. ಚಪ್ಪಟೆ ರೆಕ್ಕೆಗಿಂತ ಹಕ್ಕಿಯ ರೆಕ್ಕೆಯಂತೆ ಸ್ವಲ್ಪ ಬಾಗಿದ ರೆಕ್ಕೆ ಹೆಚ್ಚು ಎತ್ತುತ್ತದೆ ಎಂದು ಕಂಡುಕೊಂಡರು. ಆ ಅಂಕಿ ಅಂಶಗಳನ್ನೆಲ್ಲ 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

1891ರಲ್ಲಿ ಅವರು ತಾವೇ ಹಾರತೊಡಗಿದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಅವರದು ಮರದ ಕಡ್ಡಿಗಳ ಚೌಕಟ್ಟಿಗೆ ಬಟ್ಟೆ ಬಿಗಿದದ್ದು. ಅದರೊಳಗೆ ತೋಳು ಸಿಕ್ಕಿಸಿಕೊಂಡು, ದಿಬ್ಬದಿಂದ ಗಾಳಿಗೆ ಎದುರಾಗಿ ಓಡಿ ಹಾರುತ್ತಿದ್ದರು. ಬರ್ಲಿನ್ ಹತ್ತಿರ ಇದಕ್ಕಾಗಿಯೇ 15 ಮೀಟರ್ ಎತ್ತರದ ಗುಡ್ಡ ಕಟ್ಟಿಸಿದರು. ಸುಮಾರು 2000 ಸಲ ಹಾರಿದರು. ಅತಿ ದೂರದ ಹಾರಾಟ ಸುಮಾರು 250 ಮೀಟರ್. ಗ್ಲೈಡರ್‌ಗಳನ್ನು ತಯಾರಿಸಿ ತಲಾ 500 ಮಾರ್ಕ್‌ಗೆ ಮಾರಿದರು ಕೂಡ.

ಎಂಜಿನ್ ಇಲ್ಲದಿದ್ದರೆ ಹಾರಾಟವೆಲ್ಲ ವೇಗದ ಮೇಲೆ ನಿಂತಿರುತ್ತದೆ. ಮೂತಿ ಕೆಳಗೆ ಬಾಗಿಸಿದರೆ ವೇಗ ಹೆಚ್ಚುತ್ತದೆ, ಆದರೆ ಎತ್ತರ ಬೇಗ ಖರ್ಚಾಗುತ್ತದೆ. ಮೂತಿ ತೀರಾ ಎತ್ತಿದರೆ ವೇಗ ಕುಗ್ಗುತ್ತದೆ. ಒಂದು ಮಿತಿ ದಾಟಿದ ಮೇಲೆ ರೆಕ್ಕೆಯ ಮೇಲೆ ಗಾಳಿ ಸರಿಯಾಗಿ ಹರಿಯುವುದಿಲ್ಲ. ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಇದನ್ನೆಲ್ಲ ಸಂಭಾಳಿಸಲು ಲಿಲಿಯೆಂಥಾಲ್ ಬಳಿ ಇದ್ದದ್ದು ತಮ್ಮ ದೇಹ ಮಾತ್ರ. ಸೊಂಟದಿಂದ ಕೆಳಗಿನ ಭಾಗವನ್ನು ಹಿಂದೆ ಮುಂದೆ, ಆಚೆ ಈಚೆ ತೂಗಿಸಿ ಗ್ಲೈಡರನ್ನು ಹತೋಟಿಯಲ್ಲಿಡುತ್ತಿದ್ದರು.

1896ರ ಆಗಸ್ಟ್ 9ರಂದು ಸ್ಟೋಲ್ನ್ ಎಂಬ ಹಳ್ಳಿಯ ಬಳಿ ಹಾರುತ್ತಿದ್ದಾಗ ಗ್ಲೈಡರ್‌ನ ಮೂತಿ ಮೇಲೆದ್ದು ವೇಗ ನಿಂತುಹೋಯಿತು. ದೇಹವನ್ನು ಎಷ್ಟು ಮುಂದೆ ತೂಗಿಸಿದರೂ ಅದು ಸರಿಹೋಗಲಿಲ್ಲ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಕತ್ತಿನ ಮೂಳೆ ಮುರಿಯಿತು. ಮರುದಿನ ಬರ್ಲಿನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 48 ವರ್ಷ.

ಇಂದಿನ ಅನೇಕ ಗ್ಲೈಡರ್‌ಗಳ ರೆಕ್ಕೆಯ ಹಿಂಭಾಗದಲ್ಲಿ ಕೀಲು ಹಾಕಿದ ಪಟ್ಟಿ ಇರುತ್ತದೆ. ಅದರ ಹೆಸರು ಫ್ಲ್ಯಾಪ್. ಅದನ್ನು ಕೆಳಗಿಳಿಸಿದರೆ ರೆಕ್ಕೆಯ ಬಾಗು ಹೆಚ್ಚುತ್ತದೆ. ಆಗ ಕಡಿಮೆ ವೇಗದಲ್ಲೂ ಸ್ಟಾಲ್ ಆಗದೆ ತೇಲಬಹುದು. ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರಲು ಮತ್ತು ನಿಧಾನವಾಗಿ ಇಳಿಯಲು ಇದು ಬೇಕು. ಸ್ವಲ್ಪ ಮೇಲೆತ್ತಿದರೆ ಬಾಗು ಕಡಿಮೆಯಾಗಿ, ಜೋರಾಗಿ ಹೋಗುವಾಗ ಗಾಳಿಯ ತಡೆ ತಗ್ಗುತ್ತದೆ. ಆದರೆ ನೆಲದ ಹತ್ತಿರ ನಿಧಾನವಾಗಿ ಹಾರುವಾಗ ಅವಸರದಿಂದ ಫ್ಲ್ಯಾಪ್ ಮೇಲೆತ್ತಿದರೆ ಗ್ಲೈಡರ್ ಕುಸಿಯುತ್ತದೆ. ವೇಗಕ್ಕೆ ತಕ್ಕ ಬಾಗು ಆರಿಸುವುದೇ ಪೈಲಟ್‌ನ ಜಾಣತನ. ಬಾಗಿದ ರೆಕ್ಕೆಯ ಬೆಲೆಯನ್ನು ಅಳೆದು ತೋರಿಸಿದ ಲಿಲಿಯೆಂಥಾಲ್‌ಗೆ ಆ ಬಾಗನ್ನು ಹಾರುತ್ತಿರುವಾಗ ಬದಲಿಸುವ ಅನುಕೂಲ ಇರಲಿಲ್ಲ. ಇದನ್ನು ಓದಿದಾಗ ನನಗೆ ಬಹಳ ಬೇಸರವಾಯಿತು.

ಅವರ ಸಾವಿನ ಸುದ್ದಿಯೇ ರೈಟ್ ಸಹೋದರರನ್ನು ಈ ಕೆಲಸಕ್ಕೆ ಎಳೆಯಿತು. ಮೊದಲು ಹತೋಟಿ, ಆಮೇಲೆ ಎಂಜಿನ್ ಎಂದು ಅವರು ತೀರ್ಮಾನಿಸಿದರು. 1901ರಲ್ಲಿ ತಾವೇ ಗಾಳಿಸುರಂಗ ಕಟ್ಟಿ ಲಿಲಿಯೆಂಥಾಲ್ ಅವರ ಕೋಷ್ಟಕಗಳನ್ನು ತಾಳೆ ನೋಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಡಿಟ್ ಮಾಡಿದರು. 1903ರಲ್ಲಿ ಅವರ ವಿಮಾನ ಹಾರಿತು.

ಲಿಲಿಯೆಂಥಾಲ್ ತಮ್ಮ ಲೆಕ್ಕವನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆ ಅದು ಅವರ ಜೊತೆಗೇ ಮಣ್ಣಾಗುತ್ತಿತ್ತು. ಪ್ರಕಟಿಸಿದ್ದರಿಂದ ಮುಂದಿನವರು ಅದನ್ನು ಪರೀಕ್ಷಿಸಿ ಮುಂದುವರಿಸಿದರು. ನಾವು ಯಾವ ವಿಭಾಗದಲ್ಲಿ ಓದುತ್ತಿದ್ದರೂ ಇದನ್ನು ಅವರಿಂದ ಕಲಿಯಬಹುದು.