ಗಸಗಸೆ ಕಾಯಿಯ ಹಾಲಿನಿಂದ ಹರಳು ತೆಗೆದ ಸರ್ಟ್ಯೂರ್ನರ್



ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ಯಾರಿಗೆ ತಾನೇ ನಿದ್ದೆ ಬರೋದಿಲ್ಲ? ಹಬ್ಬದ ದಿನ ನಮ್ಮ ಮನೆಯಲ್ಲಿ ಊಟ ಮುಗಿಸಿ ಜಗಲಿ ಮೇಲೆ ಮಲಗಿದವರು ಏಳುವುದು ಸಂಜೆ ಕಾಫಿಗೇ. ಅದೆಲ್ಲಾ ಗಸಗಸೆಯ ಮಹಿಮೆ ಅಂತ ದೊಡ್ಡವರು ಹೇಳ್ತಾರೆ. ಆದರೆ ನಾವು ತಿನ್ನುವ ಗಸಗಸೆ ಬೀಜದಲ್ಲಿ ನಿದ್ದೆ ಬರಿಸುವ ವಸ್ತು ಇಲ್ಲ ಎನ್ನುವಷ್ಟು ಕಡಿಮೆ. ನಿದ್ದೆ ಬರುವುದು ಹೊಟ್ಟೆ ಬಿರಿಯ ತಿಂದ ಹೋಳಿಗೆಯಿಂದ ಇರಬೇಕು! ಆ ವಸ್ತು ಇರುವುದು ಅದೇ ಗಿಡದ ಹಸಿ ಕಾಯಿಯಲ್ಲಿ. ಕಾಯಿಯನ್ನು ಗೀರಿದರೆ ಬಿಳಿ ಹಾಲು ಒಸರುತ್ತದೆ, ಒಣಗಿದರೆ ಕಂದು ಬಣ್ಣದ ಅಂಟಾಗುತ್ತದೆ. ಅದೇ ಅಫೀಮು. ಅಫೀಮಿನೊಳಗೆ ಅಡಗಿದ್ದ ನೋವು ಕಳೆಯುವ ವಸ್ತು ಯಾವುದೆಂದು ಹುಡುಕಿ ಬೇರೆ ಮಾಡಿದವರು ಜರ್ಮನಿಯ ಫ್ರೆಡ್ರಿಕ್ ಸರ್ಟ್ಯೂರ್ನರ್. ಈ ಸಲದ ಗೋಡೆ ಪತ್ರಿಕೆಗೆ ನಾನು ಅವರ ಜೀವನವನ್ನೇ ಆರಿಸಿಕೊಂಡಿದ್ದೇನೆ.

ಇವರು 1783ನೇ ಇಸವಿ ಜೂನ್ 19ರಂದು ಪಾಡರ್‌ಬಾರ್ನ್ ಪಟ್ಟಣದ ಹತ್ತಿರದ ನಾಯ್‌ಹೌಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲ್ಲಿಯ ಧರ್ಮಾಧಿಕಾರಿ ದೊರೆಯ ಬಳಿ ಅಳತೆ, ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದರು. 1798ರಲ್ಲಿ ತಂದೆ ತೀರಿಕೊಂಡರು. ಆಗ ಫ್ರೆಡ್ರಿಕ್‌ಗೆ 15 ವರ್ಷ, ಅಂದರೆ ನಮ್ಮ ಹತ್ತನೇ ತರಗತಿಯವರ ವಯಸ್ಸು. ಮುಂದೆ ಕಾಲೇಜು ಸೇರುವ ಮಾತೇ ಇಲ್ಲ. 1799ರಲ್ಲಿ ಪಾಡರ್‌ಬಾರ್ನಿನ ಒಂದು ಔಷಧಿ ಅಂಗಡಿಗೆ ಕೆಲಸ ಕಲಿಯಲು ಸೇರಿದರು. ಆಗಿನ ಔಷಧಿ ಅಂಗಡಿ ಎಂದರೆ ಈಗಿನ ಮೆಡಿಕಲ್ ಸ್ಟೋರ್ ಹಾಗಲ್ಲ. ಬೇರು, ತೊಗಟೆ, ಎಲೆಗಳನ್ನು ಕುಟ್ಟಿ, ಕುದಿಸಿ, ಸೋಸಿ ಅಲ್ಲೇ ಮದ್ದು ತಯಾರಿಸಬೇಕು. ನಾಲ್ಕು ವರ್ಷ ಕುಟ್ಟಿದ್ದೇ ಕುಟ್ಟಿದ್ದು. 1803ರಲ್ಲಿ ಪರೀಕ್ಷೆ ಪಾಸಾಗಿ ಅದೇ ಅಂಗಡಿಯಲ್ಲಿ ಸಹಾಯಕರಾದರು.

ಅಫೀಮು ಆಗ ಡಾಕ್ಟರುಗಳ ಕೈಯಲ್ಲಿದ್ದ ದೊಡ್ಡ ಮದ್ದು. ಕೈಕಾಲು ಕತ್ತರಿಸುವಾಗಲೂ ಅರಿವಳಿಕೆ ಇಲ್ಲದ ಕಾಲ ಅದು. ಆದರೆ ಅದನ್ನು ನಂಬುವ ಹಾಗಿರಲಿಲ್ಲ. ಒಂದು ಗಂಟಿನ ಅಫೀಮು ಕೊಟ್ಟರೆ ರೋಗಿಯ ನೋವೇ ಹೋಗುವುದಿಲ್ಲ, ಇನ್ನೊಂದು ಗಂಟಿನಿಂದ ಅಷ್ಟೇ ತೂಕ ಕೊಟ್ಟರೆ ರೋಗಿಯ ಉಸಿರೇ ನಿಂತುಬಿಡುತ್ತದೆ. ಬೆಳೆದ ನೆಲ, ಮಳೆ, ಹಾಲು ತೆಗೆದ ಹೊತ್ತು, ವ್ಯಾಪಾರಿಯ ಕಲಬೆರಕೆ ಎಲ್ಲಾ ಸೇರಿ ಒಂದೊಂದು ಉಂಡೆಗೂ ಒಂದೊಂದು ಶಕ್ತಿ. ತಕ್ಕಡಿ ಸರಿಯಾಗಿದ್ದು ಏನು ಪ್ರಯೋಜನ ಹೇಳಿ? ತೂಗುತ್ತಿರುವುದರಲ್ಲಿ ಮದ್ದು ಎಷ್ಟು, ಕಸ ಎಷ್ಟು ಅಂತಲೇ ತಿಳಿಯದು. ಇಪ್ಪತ್ತು ದಾಟಿದ ಸರ್ಟ್ಯೂರ್ನರ್ ತಲೆಗೆ ಹತ್ತಿದ್ದು ಇದೇ ಹುಳ.

ಅಂಗಡಿಯ ಕೆಲಸದ ನಡುವೆ ಸಿಕ್ಕ ಹೊತ್ತಿನಲ್ಲಿ ಅವರು ಪ್ರಯೋಗ ಶುರು ಮಾಡಿದರು. ಗಿಡದ ಗುಣವೆಲ್ಲಾ ಅದರ ಆಮ್ಲದಲ್ಲೇ ಇರುತ್ತದೆ ಎಂದು ಆಗಿನ ಪಂಡಿತರು ತಿಳಿದಿದ್ದರು. ಹಾಗಾಗಿ ಇವರೂ ಮೊದಲು ಅಫೀಮಿನಿಂದ ಒಂದು ಆಮ್ಲವನ್ನು ಬೇರೆ ಮಾಡಿ ನಾಯಿಗೆ ಕೊಟ್ಟು ನೋಡಿದರು. ನಾಯಿಗೆ ಏನೂ ಆಗಲಿಲ್ಲ. ಆಮೇಲೆ ಅಫೀಮನ್ನು ನೀರಿನಲ್ಲಿ ಕರಗಿಸಿ, ಸೋಸಿ, ಆ ನೀರಿಗೆ ಅಮೋನಿಯಾ ಹಾಕಿದರು. ತಳದಲ್ಲಿ ಸಣ್ಣ ಹರಳುಗಳು ಕೂತವು. ಅವನ್ನು ತೊಳೆದು ಶುದ್ಧ ಮಾಡಿ ಮತ್ತೆ ನಾಯಿಗಳಿಗೆ ತಿನ್ನಿಸಿದರು. ಈ ಸಲ ನಾಯಿಗಳು ವಾಂತಿ ಮಾಡಿಕೊಂಡು, ತೂಕಡಿಸಿ, ಮಲಗಿಬಿಟ್ಟವು. ಮದ್ದಿನ ಕಳ್ಳ ಸಿಕ್ಕಿಬಿದ್ದಿದ್ದ!

ಇನ್ನೊಂದು ಆಶ್ಚರ್ಯ ಕಾದಿತ್ತು. ಲಿಟ್ಮಸ್ ಪ್ರಯೋಗ ನಾವೆಲ್ಲಾ ಮಾಡಿದ್ದೇವಲ್ಲ, ಆಮ್ಲವಾದರೆ ನೀಲಿ ಕಾಗದ ಕೆಂಪಾಗುತ್ತದೆ, ಪ್ರತ್ಯಾಮ್ಲವಾದರೆ ಕೆಂಪು ಕಾಗದ ನೀಲಿಯಾಗುತ್ತದೆ. ಈ ಹರಳು ಪ್ರತ್ಯಾಮ್ಲದ ಹಾಗೆ ವರ್ತಿಸಿತು. ಆಮ್ಲದ ಜೊತೆ ಸೇರಿ ಲವಣವಾಯಿತು. ಗಿಡದೊಳಗೆ ಇಂಥ ವಸ್ತು ಇರಬಹುದೆಂದು ಆವರೆಗೆ ಯಾರೂ ಒಪ್ಪಿರಲಿಲ್ಲ. ಪ್ಯಾರಿಸ್ಸಿನ ಡೆರೋನ್ ಎಂಬ ಔಷಧಿಕಾರರು 1803ರಲ್ಲೇ ಅಫೀಮಿನಿಂದ ಹರಳು ತೆಗೆದಿದ್ದರು, ಅದರಲ್ಲಿ ಪ್ರತ್ಯಾಮ್ಲದ ಗುಣವನ್ನೂ ಕಂಡಿದ್ದರು. ಆದರೆ ತಾನು ಹಾಕಿದ ಕ್ಷಾರವೇ ಸ್ವಲ್ಪ ಉಳಿದುಕೊಂಡಿರಬೇಕು ಎಂದು ಸುಮ್ಮನಾದರು. ಕಣ್ಣಿಗೆ ಬಿದ್ದದ್ದನ್ನು ನಂಬದೇ ಬಿಟ್ಟರು ಪಾಪ. ಅಂಗಡಿ ಹುಡುಗ ನಂಬಿದರು.

ಐವತ್ತಕ್ಕೂ ಹೆಚ್ಚು ಪ್ರಯೋಗ ಮಾಡಿ 1806ರಲ್ಲಿ ಜರ್ಮನ್ ಔಷಧ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಯಾರೂ ಕ್ಯಾರೇ ಅನ್ನಲಿಲ್ಲ. ಡಿಗ್ರಿ ಇಲ್ಲ, ಪ್ರೊಫೆಸರ್ ಅಲ್ಲ, ಯಾವುದೋ ಅಂಗಡಿ ಸಹಾಯಕ. ಅದೇ ವರ್ಷ ಐನ್‌ಬೆಕ್ ಎಂಬ ಊರಿಗೆ ಹೋದರು. ಅಲ್ಲಿ ಆಗ ಫ್ರೆಂಚರ ಆಳ್ವಿಕೆ. ಅವರ ಕಾನೂನಿನ ಪ್ರಕಾರ 1809ರಲ್ಲಿ ಸ್ವಂತ ಅಂಗಡಿ ತೆರೆದರು.

ಇನ್ನು ಬರೆಯುವ ಭಾಗ ಓದಿದಾಗ ನನಗೆ ಮೈ ಜುಂ ಎಂದಿತು. ನಾಯಿಗಳ ಮೇಲಿನ ಪ್ರಯೋಗವನ್ನು ಜನ ನಂಬದಿದ್ದರೆ ಮನುಷ್ಯರ ಮೇಲೇ ಮಾಡಿ ತೋರಿಸುತ್ತೇನೆ ಅಂತ ಸರ್ಟ್ಯೂರ್ನರ್ ನಿರ್ಧರಿಸಿದರು. ತಾನು ಮತ್ತು ಮೂವರು ಹುಡುಗರು. ಆ ಮೂವರಲ್ಲಿ ಯಾರಿಗೂ 17 ದಾಟಿರಲಿಲ್ಲ. ಅರ್ಧ ಗ್ರೇನ್, ಅಂದರೆ ಸುಮಾರು 30 ಮಿಲಿಗ್ರಾಂ ಹರಳನ್ನು ಮದ್ಯಸಾರದಲ್ಲಿ ಕರಗಿಸಿ, ನೀರು ಬೆರೆಸಿ ಎಲ್ಲರೂ ಕುಡಿದರು. ಮುಖ ಕೆಂಪೇರಿತು, ಕಣ್ಣೂ ಕೆಂಪಾದವು. ಅರ್ಧ ಗಂಟೆ ಬಿಟ್ಟು ಮತ್ತೆ ಅಷ್ಟೇ ಕುಡಿದರು. ಹೊಟ್ಟೆ ತೊಳೆಸಿ ತಲೆ ಸುತ್ತಿತು. ಅಲ್ಲಿಗೆ ನಿಲ್ಲಿಸಬಾರದೇ? ಕಾಲು ಗಂಟೆಗೆ ಮೂರನೇ ಸಲವೂ ತೆಗೆದುಕೊಂಡರು. ಮುಕ್ಕಾಲು ಗಂಟೆಯೊಳಗೆ ಒಟ್ಟು 90 ಮಿಲಿಗ್ರಾಂ ಮೀರಿತು. ಈಗಿನ ವೈದ್ಯರು ದೊಡ್ಡವರಿಗೇ ಮೊದಲ ಸಲ ಬಾಯಿಗೆ ಕೊಡುವುದು ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ ಮಾತ್ರ. ಹೊಟ್ಟೆನೋವು ಬಂದು ಹುಡುಗರು ಮೂರ್ಛೆ ಹೋಗುವ ಹಾಗಾದರು. ಸರ್ಟ್ಯೂರ್ನರ್ ಕೂಡ ಮಲಗಿದಲ್ಲೇ ಕನಸಿನಂಥ ಮಂಪರಿಗೆ ಜಾರಿದರು. ಹೇಗೋ ಅಪಾಯ ಗೊತ್ತಾಗಿ ಘಾಟು ವಿನಿಗರ್ ತಾನೂ ಕುಡಿದು, ಹುಡುಗರಿಗೂ ಕುಡಿಸಿ ವಾಂತಿ ಮಾಡಿಸಿದರು. ಎಲ್ಲರೂ ಬದುಕಿದರು, ಆದರೆ ತಲೆನೋವು, ಊಟ ಸೇರದಿರುವುದು ಕೆಲವು ದಿನ ಬಿಡಲಿಲ್ಲ.

ಇದನ್ನು ಧೈರ್ಯ ಎನ್ನಬೇಕೋ ಹುಚ್ಚು ಎನ್ನಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ತನ್ನ ಮೇಲೆ ಮಾಡಿಕೊಂಡದ್ದು ಸರಿ, ಆದರೆ ಆ ಹುಡುಗರ ತಾಯಂದಿರನ್ನು ಕೇಳಿದ್ದರೇ? ಲೇಖನದಲ್ಲಿ ಹುಡುಗರ ಹೆಸರನ್ನೂ ಬರೆಯಲಿಲ್ಲ. ನನ್ನನ್ನು ಕರೆದಿದ್ದರೆ ನಾನಂತೂ ಓಡಿಹೋಗುತ್ತಿದ್ದೆ.

1817ರಲ್ಲಿ ಇದನ್ನೆಲ್ಲಾ ಮತ್ತೆ ಪ್ರಕಟಿಸಿ, ಆ ಹರಳಿಗೆ ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿಟ್ಟರು. ಅದೇ ಇಂದಿನ ಮಾರ್ಫಿನ್. ಅದು ಫ್ರಾನ್ಸಿನ ದೊಡ್ಡ ವಿಜ್ಞಾನಿ ಗೇ-ಲುಸಾಕ್ ಕಣ್ಣಿಗೆ ಬಿತ್ತು. ಅನಿಲಗಳ ಪಾಠದಲ್ಲಿ ಬರುತ್ತಾರಲ್ಲ, ಅವರೇ. ಅವರು ಫ್ರೆಂಚಿಗೆ ಅನುವಾದ ಮಾಡಿಸಿ, ಪ್ರಯೋಗವನ್ನು ಇನ್ನೊಬ್ಬರಿಂದ ಮಾಡಿಸಿಯೂ ನೋಡಿದರು. ಸರಿಯಾಗೇ ಬಂತು! ಅಲ್ಲಿಂದ ಗಿಡಗಳ ಬೇಟೆ ಶುರು. 1818ರಲ್ಲಿ ಸ್ಟ್ರಿಕ್ನಿನ್, 1819ರಲ್ಲಿ ಕಾಫಿಯ ಕೆಫೀನ್, 1820ರಲ್ಲಿ ಸಿಂಕೋನಾ ತೊಗಟೆಯಿಂದ ಮಲೇರಿಯಾದ ಮದ್ದು ಕ್ವಿನೈನ್. ಇವನ್ನೆಲ್ಲಾ ಆಲ್ಕಲಾಯ್ಡ್ ಎನ್ನುತ್ತಾರೆ. ಅಫೀಮಿನಿಂದಲೇ 1832ರಲ್ಲಿ ಕೆಮ್ಮಿನ ಔಷಧಿಯ ಕೋಡೀನ್ ಸಿಕ್ಕಿತು. ಮಾರ್ಫಿನ್‌ನ ರಚನೆ ಹೀಗಿರಬೇಕೆಂದು 1925ರಲ್ಲಿ ರಾಬಿನ್ಸನ್ ಹೇಳಿದರು. ಅದನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಹೊಸ ಮದ್ದು ಮಾಡಿದವರು ಬಹಳ ಜನ. ಹಾಗೆ ಮಾಡಿದ್ದರಲ್ಲಿ 1898ರಲ್ಲಿ ಕೆಮ್ಮಿಗೆಂದು ಮಾರಾಟಕ್ಕೆ ಬಂದ ಹೆರಾಯಿನ್ ಎಷ್ಟೋ ಮನೆ ಹಾಳು ಮಾಡಿತು. ಅದೇ ಕುಟುಂಬದ ನಲೋಕ್ಸೋನ್ ಮಾರ್ಫಿನ್ ಹೆಚ್ಚಾಗಿ ಉಸಿರು ನಿಲ್ಲುತ್ತಿರುವವರನ್ನು ಬದುಕಿಸುತ್ತದೆ. ಮಾರ್ಫಿನ್ ಮಾತ್ರ ಈಗಲೂ ಗಸಗಸೆ ಗಿಡದಿಂದಲೇ ಬರುತ್ತದೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಅದನ್ನು ಬೆಳೆಯುತ್ತಾರೆ. ಕ್ಯಾನ್ಸರ್ ರೋಗಿಗಳ ಕಡೆಗಾಲದ ನೋವಿಗೆ ಕೊಡುವುದು ಅದನ್ನೇ, ಮಿಲಿಗ್ರಾಂ ಲೆಕ್ಕದಲ್ಲಿ.

ಸರ್ಟ್ಯೂರ್ನರ್ ಕಥೆಗೆ ಬರೋಣ. 1817ರಲ್ಲೇ ಯೇನಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ನೆಪೋಲಿಯನ್ ಸೋತು ಫ್ರೆಂಚರು ಹೋದ ಮೇಲೆ, ಅವರ ಕಾನೂನಿನಲ್ಲಿ ತೆರೆದ ಅಂಗಡಿ ನಡೆಯುವುದಿಲ್ಲ ಎಂದು ಹೊಸ ಸರ್ಕಾರ ಹೇಳಿತು. ಕೋರ್ಟಿಗೆ ಅಲೆದರೂ ಉಳಿಯಲಿಲ್ಲ. 1820ರಲ್ಲಿ ಹ್ಯಾಮೆಲಿನ್ ಪಟ್ಟಣಕ್ಕೆ ಹೋಗಿ ಅಲ್ಲಿ ಔಷಧಿ ಅಂಗಡಿ ನಡೆಸಿದರು. ಯಾವ ಹ್ಯಾಮೆಲಿನ್ ಗೊತ್ತಾ? ಕುವೆಂಪು ಅವರ ಕಿಂದರಿಜೋಗಿಯ ಮೂಲ ಕಥೆ ನಡೆಯುವ ಊರು! ಇಲಿಗಳು ಹೋದ ಊರಿಗೆ ಇವರು ಬಂದರು. 1831ರಲ್ಲಿ ಫ್ರಾನ್ಸಿನ ವಿದ್ವತ್ ಸಂಸ್ಥೆ 2000 ಫ್ರಾಂಕ್ ಬಹುಮಾನ ಕೊಟ್ಟಿತು. ಆ ಸುಮಾರಿಗೇ ಕಾಲರಾ ಬಂದಾಗ, ಅದಕ್ಕೆ ಕಾರಣ ತಾನಾಗಿ ಸಂಖ್ಯೆ ಹೆಚ್ಚಿಸಿಕೊಳ್ಳುವ ಯಾವುದೋ ಜೀವಿ ಎಂದು ಬರೆದರು. ಆಗಲೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲರಾ ರೋಗಾಣು ಕಾಖ್ ಅವರ ಕೈಗೆ ಸಿಕ್ಕಿದ್ದು ಅರ್ಧ ಶತಮಾನದ ನಂತರ.

1841ನೇ ಇಸವಿ ಫೆಬ್ರವರಿ 20ರಂದು, 57ನೇ ವಯಸ್ಸಿನಲ್ಲಿ, ಹ್ಯಾಮೆಲಿನ್‌ನಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದು ಮಾತ್ರ ಐನ್‌ಬೆಕ್‌ನಲ್ಲಿ, ಅಂಗಡಿ ಕಳೆದುಕೊಂಡ ಅದೇ ಊರಿನಲ್ಲಿ.